ಕ್ರಾಗ್: ಹೆಸರು ಮತ್ತು ರೈಫಲ್

• ಓಲೆ ಹರ್ಮನ್ ಯೋಹಾನ್ನೆಸ್ ಕ್ರಾಗ್ (1837–1916): ನಾರ್ವೆಯ ಸೇನಾಧಿಕಾರಿ, ಬಂದೂಕು ವಿನ್ಯಾಸಕ.
• ಕಾಂಗ್ಸ್‌ಬರ್ಗ್ ಶಸ್ತ್ರಾಸ್ತ್ರ ಕಾರ್ಖಾನೆಯ ಎರಿಕ್ ಯೋರ್ಗೆನ್ಸೆನ್ ಜೊತೆ ರೂಪಿಸಿದ್ದು: ಕ್ರಾಗ್–ಯೋರ್ಗೆನ್ಸೆನ್ ರೈಫಲ್.
• ವಿಧ: ಬೋಲ್ಟ್ ಆ್ಯಕ್ಷನ್. ಬಲಬದಿಯ ಮುಚ್ಚಳ ತೆರೆದು ಗುಂಡು ತುಂಬಬೇಕು. ಮ್ಯಾಗಜಿನ್ ಸಾಮರ್ಥ್ಯ: 5.
• ಸೇನೆಗೆ ಅಂಗೀಕಾರ: ಡೆನ್ಮಾರ್ಕ್ (1889), ಅಮೆರಿಕ (1892), ನಾರ್ವೆ (1894).
• ಬಳಕೆ: 1898ರ ಸ್ಪೇನ್–ಅಮೆರಿಕ ಯುದ್ಧ. ಆಗ ಸ್ಪೇನ್ ಸೈನಿಕರ ಕೈಯಲ್ಲಿದ್ದದ್ದು ಜರ್ಮನಿಯ ಮೌಸರ್. ಅದಕ್ಕೆ ಕ್ಲಿಪ್ಪಿನಿಂದ 5 ಗುಂಡು ಒಟ್ಟಿಗೆ ತುಂಬಬಹುದಿತ್ತು. ಹೀಗಾಗಿ ಅಮೆರಿಕ 1903ರಲ್ಲಿ ಸ್ಪ್ರಿಂಗ್‌ಫೀಲ್ಡ್ ರೈಫಲ್‌ಗೆ ಬದಲಾಯಿತು.



ಪ್ರಶ್ನೆ: ಕ್ರಾಗ್ ರೈಫಲನ್ನು ಮೊದಲು ಅಂಗೀಕರಿಸಿದ ದೇಶ?
ಉತ್ತರ: ಡೆನ್ಮಾರ್ಕ್. ನಾರ್ವೆ ಎಂದು ಗುರುತು ಹಾಕಬೇಡಿ.