ಟಿಡಿಎಸ್ ಮೀಟರ್ ಹೇಳದ ಮಾತು: ನೀರಿನಲ್ಲಿ ಭಾರ ಲೋಹಗಳು

ಕನಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ನವಿಲುತೀರ್ಥದ ಡ್ಯಾಂ ದಾಟಿ ನಮ್ಮ ಬಾದಾಮಿ ತಾಲೂಕಿಗೆ ಬರುತ್ತಾಳೆ. ಶಿವಯೋಗ ಮಂದಿರ, ಪಟ್ಟದಕಲ್ಲು, ಐಹೊಳೆ ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಕೃಷ್ಣೆ ಅಲ್ಲಿಂದ ನಾರಾಯಣಪುರದ ಬಸವಸಾಗರ ಜಲಾಶಯ ತುಂಬಿಸಿ ಮುಂದೆ ಹೋಗುತ್ತಾಳೆ. ಆ ಭಾಗದಲ್ಲೇ, ಯಾದಗಿರಿ ಜಿಲ್ಲೆಯ ಸುರಪುರ ತಾಲೂಕಿನಲ್ಲಿ, ಕಿರದಳ್ಳಿ ತಾಂಡಾ ಅಂತ ಒಂದು ಊರಿದೆ. ನೀರಿನ ಬಗ್ಗೆ ಓದುವ ನಾವೆಲ್ಲ ಈ ಊರಿನ ಹೆಸರು ನೆನಪಿಡಬೇಕು.

ತಾಂಡಾದ ಹತ್ತಿರ ಮಂಗಳೂರು ಎಂಬ ಊರಿನ ಹಳೇ ಚಿನ್ನದ ಗಣಿ ಇದೆ (ಕರಾವಳಿಯ ಮಂಗಳೂರು ಅಲ್ಲ). 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಈ ಪ್ರದೇಶದ 59 ಬೋರ್‌ವೆಲ್‌ಗಳ ನೀರು ಪರೀಕ್ಷಿಸಿದ್ದರು. ಅದರಲ್ಲಿ ಶೇ. 79ರಷ್ಟು ಮಾದರಿಗಳಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಎಂಬ ಮಿತಿಯನ್ನು ಮೀರಿತ್ತು. ಅತಿ ಹೆಚ್ಚು ಸಿಕ್ಕಿದ್ದು 303. ತಪಾಸಣೆ ಮಾಡಿದ 181 ಜನರಲ್ಲಿ ಶೇ. 58.6ರಷ್ಟು ಮಂದಿಗೆ, ಅಂದ್ರೆ ನೂರಕ್ಕೂ ಹೆಚ್ಚು ಜನರಿಗೆ, ಆರ್ಸೆನಿಕ್‌ನಿಂದ ಬರುವ ಚರ್ಮದ ತೊಂದರೆ ಕಾಣಿಸಿತ್ತು. ಇಂಥ ನೀರು ವರ್ಷಗಟ್ಟಲೆ ಕುಡಿದರೆ ಅಂಗೈ, ಅಂಗಾಲು ಗಟ್ಟಿಯಾಗಿ ಗಂಟು ಕಟ್ಟುತ್ತವೆ, ಮೈಮೇಲೆ ಕಲೆಗಳು ಏಳುತ್ತವೆ. ಚರ್ಮ, ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರ್ ಕೂಡ ಬರಬಹುದು.

ಇದು ಎಲ್ಲಿಂದ ಬಂತು? ಚಿನ್ನದ ಅದಿರಿನ ಜೊತೆ ಆರ್ಸೆನೋಪೈರೈಟ್ ಎಂಬ ಖನಿಜ ಹೆಚ್ಚಾಗಿ ಇರ್ತದೆ. ಅದರಲ್ಲಿ ಕಬ್ಬಿಣ, ಆರ್ಸೆನಿಕ್, ಗಂಧಕ ಮೂರೂ ಇವೆ. ಅದಿರನ್ನು ಪುಡಿ ಮಾಡಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ ಗುಡ್ಡೆಯಾಗಿ ಬೀಳ್ತದೆ. ಗಾಳಿ, ಮಳೆ ತಾಗಿದಾಗ ಅದರಿಂದ ಆರ್ಸೆನಿಕ್ ಬಿಟ್ಟುಕೊಳ್ಳುತ್ತದೆ. ಅದೇ ಅಧ್ಯಯನದಲ್ಲಿ 12 ಮೇಲ್ಮಣ್ಣಿನ ಮಾದರಿಗಳಲ್ಲಿ ಆರರಲ್ಲಿ ಕಿಲೋಗೆ 2000 ಮಿಲಿಗ್ರಾಂಗಿಂತ ಹೆಚ್ಚು ಆರ್ಸೆನಿಕ್ ಇತ್ತು.

ಆವರ್ತ ಕೋಷ್ಟಕದಲ್ಲಿ ಆರ್ಸೆನಿಕ್ ಪೂರ್ತಿ ಲೋಹ ಅಲ್ಲ, ಅರೆಲೋಹ. ಆದರೆ ವಿಷದ ಲೆಕ್ಕಕ್ಕೆ ಸೀಸ, ಪಾದರಸ, ಕ್ಯಾಡ್ಮಿಯಂ, ಕ್ರೋಮಿಯಂ ಜೊತೆಗೇ ಸೇರಿಸ್ತಾರೆ. ಇವೆಲ್ಲದರ ಸ್ವಭಾವ ಒಂದೇ. ಚರಂಡಿ ಕೊಳೆಯನ್ನು ಬ್ಯಾಕ್ಟೀರಿಯಾ ತಿಂದು ಮುಗಿಸ್ತವೆ. ಇವು ಮೂಲಧಾತುಗಳು, ಯಾವ ಜೀವಿಯೂ ತಿಂದು ಮುಗಿಸಲಾರದು. ನೀರು ಕುದಿಸಿದರೆ ರೋಗಾಣು ಸಾಯ್ತವೆ, ಲೋಹ ಅಲ್ಲೇ ಉಳೀತದೆ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರ್ತದೆ.

ಈಗ ಟಿಡಿಎಸ್ ಮೀಟರಿನ ವಿಷಯ. ನಮ್ಮ ಕಡೆ ಊರೂರಿಗೆ ಶುದ್ಧ ನೀರಿನ ಘಟಕ ಇದೆ. ಮೀಟರ್ ಅದ್ದಿ, ಸಂಖ್ಯೆ ಕಡಿಮೆ ಬಂದ್ರೆ ನೀರು ಚೆನ್ನಾಗಿದೆ ಅಂತೀವಿ. ಆ ಮೀಟರ್ ಅಳೆಯೋದು ನೀರಿನ ವಿದ್ಯುತ್ ವಾಹಕತೆಯನ್ನು. ಟಿಡಿಎಸ್ 800 ಮಿಲಿಗ್ರಾಂ ಇರುವ ನೀರಿಗೆ 303 ಮೈಕ್ರೋಗ್ರಾಂ ಆರ್ಸೆನಿಕ್ ಸೇರಿದರೆ ಲೆಕ್ಕದ ಪ್ರಕಾರ 800.3 ಆಗಬೇಕು. ಮೀಟರ್ ಮಾತ್ರ 800 ಅಂತಲೇ ತೋರಿಸ್ತದೆ. ಮಿತಿಗಿಂತ 30 ಪಟ್ಟು ವಿಷ ಇದ್ದರೂ ಗೊತ್ತಾಗಲ್ಲ. ಬಣ್ಣ, ವಾಸನೆ, ರುಚಿಯಲ್ಲೂ ಗೊತ್ತಾಗಲ್ಲ.

ಹಾಗಾದ್ರೆ ತೆಗೆಯೋದು ಹೇಗೆ? ಎಲ್ಲ ಲೋಹಕ್ಕೂ ಒಂದೇ ಮದ್ದಿಲ್ಲ.

ತಾಮ್ರ, ನಿಕ್ಕಲ್, ಸೀಸ: ಕಾರ್ಖಾನೆಯ ಹೊಲಸು ನೀರಿಗೆ ಸುಣ್ಣ ಹಾಕಿ ಪಿಎಚ್ ಏರಿಸಿದರೆ ಇವು ಹೈಡ್ರಾಕ್ಸೈಡ್ ಆಗಿ ತಳಕ್ಕೆ ಕೂರುತ್ತವೆ.

ಕ್ರೋಮಿಯಂ: ಎಲೆಕ್ಟ್ರೋಪ್ಲೇಟಿಂಗ್ ನೀರಿನಲ್ಲಿ ಇದು ಹೆಚ್ಚು ವಿಷಕಾರಿಯಾದ +6 ರೂಪದಲ್ಲಿ ಇರ್ತದೆ. ಮೊದಲು ಆಮ್ಲೀಯ ಸ್ಥಿತಿಯಲ್ಲಿ +3 ರೂಪಕ್ಕೆ ಇಳಿಸಿ, ಆಮೇಲೆ ಸುಣ್ಣ ಹಾಕಬೇಕು.

ಆರ್ಸೆನಿಕ್: +3 ರೂಪಕ್ಕೆ ಸಾಮಾನ್ಯ ನೀರಿನಲ್ಲಿ ವಿದ್ಯುದಾವೇಶ ಇರುವುದಿಲ್ಲ, ಹಾಗಾಗಿ ಸುಲಭಕ್ಕೆ ಸಿಗಲ್ಲ. ಆರ್‌ಓ ಪೊರೆಯೂ ಇದನ್ನು +5 ರೂಪದಷ್ಟು ಚೆನ್ನಾಗಿ ತಡೆಯಲ್ಲ. ಕ್ಲೋರಿನ್ ಹಾಕಿ +5 ಮಾಡಿ, ಫೆರಿಕ್ ಕ್ಲೋರೈಡ್ ಬೆರೆಸಿದರೆ ಕಬ್ಬಿಣದ ಹೈಡ್ರಾಕ್ಸೈಡಿಗೆ ಅಂಟಿಕೊಳ್ತದೆ. ಆಮೇಲೆ ಮರಳಿನಲ್ಲಿ ಸೋಸಬೇಕು.

ಒಂದು ಪ್ರಶ್ನೆ ಮಾತ್ರ ಎಲ್ಲ ವಿಧಾನದಲ್ಲೂ ಉಳೀತದೆ: ತೆಗೆದ ಲೋಹ ಎಲ್ಲಿ ಹೋಯ್ತು? ತಳದ ಕೆಸರಿನಲ್ಲಿ, ಇಲ್ಲವೇ ಆರ್‌ಓ ಹೊರಬಿಡುವ ನೀರಿನಲ್ಲಿ. ಆ ನೀರನ್ನು ಹಾಗೇ ಚರಂಡಿಗೆ ಬಿಟ್ಟರೆ ವಿಷ ಮತ್ತೆ ನೆಲಕ್ಕೆ ಇಳಿದ ಹಾಗೆ. ಕೆಸರು ನೀರು ಇಂಗದಂತೆ ಕಟ್ಟಿದ ಗುಂಡಿಗೇ ಹೋಗಬೇಕು.

ಅಗ್ಗದ ಉಪಾಯವೂ ಒಂದಿದೆ. ಬಾಂಗ್ಲಾದೇಶದಲ್ಲಿ ಲಕ್ಷಾಂತರ ಕೊಳವೆಬಾವಿಗಳನ್ನು ಪರೀಕ್ಷಿಸಿ, ಆರ್ಸೆನಿಕ್ ಹೆಚ್ಚಿದ್ದ ಪಂಪಿಗೆ ಕೆಂಪು, ಕಡಿಮೆ ಇದ್ದದ್ದಕ್ಕೆ ಹಸಿರು ಬಣ್ಣ ಬಳಿದರು. ಓದು ಬಾರದವರಿಗೂ ಯಾವ ನೀರು ಕುಡಿಯಬೇಕು ಅಂತ ತಿಳೀತು. ಒಂದೇ ಊರಿನ ಎರಡು ಬೋರ್‌ವೆಲ್‌ಗಳ ನಡುವೆ ಬಹಳ ವ್ಯತ್ಯಾಸ ಇರಬಹುದು. ಆದ್ದರಿಂದ ಮೊದಲ ಹೆಜ್ಜೆ ಪರೀಕ್ಷೆ.

ಮಿನಿ ಪ್ರಾಜೆಕ್ಟ್ ಹುಡುಕುತ್ತಿರುವವರಿಗೆ ಒಂದು ವಿಷಯ ಕೊಡ್ತೇವೆ. ಶಿವಯೋಗ ಮಂದಿರದ ಬಳಿ ಮಲಪ್ರಭೆಯಿಂದ ನೀರು ಮತ್ತು ಹೂಳು, ಹತ್ತಿರದ ಊರಿನ ಬೋರ್‌ವೆಲ್‌ನಿಂದ ನೀರು, ಹೀಗೆ ಮೂರು ಮಾದರಿ ತನ್ನಿ. ಹೂಳು ಬಿಡಬೇಡಿ, ನದಿಯಲ್ಲಿ ಲೋಹ ಹೆಚ್ಚಾಗಿ ಹೂಳಿಗೇ ಅಂಟಿರ್ತದೆ. ನೀರಿನ ಬಾಟಲಿಗೆ ಸ್ವಲ್ಪ ಶುದ್ಧ ನೈಟ್ರಿಕ್ ಆಮ್ಲ ಹಾಕಿ, ಇಲ್ಲಾಂದ್ರೆ ಲೋಹ ಬಾಟಲಿಯ ಗೋಡೆಗೆ ಹತ್ತುತ್ತದೆ. ಪರೀಕ್ಷೆಗೆ ಎಎಎಸ್ ಅಥವಾ ಐಸಿಪಿ-ಎಂಎಸ್ ಯಂತ್ರವಿರುವ ಲ್ಯಾಬ್ ಬೇಕು. ಫಲಿತಾಂಶ ಚೆನ್ನಾಗಿ ಬಂದರೂ ಅದನ್ನು ಊರಿನ ಪಂಚಾಯತಿಗೆ ತಿಳಿಸಿ. ನಾಳೆ ಏನಾದ್ರೂ ಬದಲಾದರೆ, ಹೋಲಿಸಿ ನೋಡೋಕೆ ಇವತ್ತಿನ ಸಂಖ್ಯೆ ಬೇಕಲ್ಲ.