ಮಾತಾಡದ ಮಗು, ನಿಲ್ಲದ ಮಗು

ಚನ್ನಪಟ್ಟಣದ ಮರದ ಗಾಡಿಯೊಂದನ್ನು ಎರಡು ವರ್ಷದ ಮಗುವಿನ ಕೈಗೆ ಕೊಟ್ಟು ನೋಡಿ. ಹೆಚ್ಚಿನ ಮಕ್ಕಳು ಅದನ್ನು ನೆಲದ ಮೇಲೆ ಓಡಿಸಿ, 'ಪೊಂ ಪೊಂ' ಎಂದು, ಅಮ್ಮನ ಮುಖ ನೋಡಿ ನಗುತ್ತವೆ. ಕೆಲವು ಮಕ್ಕಳು ಮಾತ್ರ ಗಾಡಿಯನ್ನು ಮಗುಚಿ ಚಕ್ರವನ್ನಷ್ಟೇ ತಿರುಗಿಸುತ್ತ ಕೂರುತ್ತವೆ. ಕರೆದರೂ ತಿರುಗಿ ನೋಡುವುದಿಲ್ಲ. ಚಕ್ರ ತಿರುಗಿಸುವುದೊಂದೇ ರೋಗಲಕ್ಷಣವಲ್ಲ. ಆದರೆ ತನಗೆ ಕಂಡದ್ದನ್ನು ನಿಮಗೂ ತೋರಿಸಬೇಕೆಂಬ ಆಸೆ ಮಗುವಿಗೆ ಇಲ್ಲದಿದ್ದರೆ ಅದನ್ನು ಗಮನಿಸಬೇಕು. ಆಟಿಸಂ ಅಥವಾ ಸ್ವಲೀನತೆಯ ಮೊದಲ ಸುಳಿವುಗಳಲ್ಲಿ ಇದೂ ಒಂದು.

ಯಾವಾಗ ವೈದ್ಯರಿಗೆ ತೋರಿಸಬೇಕು?

* 1 ವರ್ಷವಾದರೂ ಹೆಸರು ಹಿಡಿದು ಕರೆದಾಗ ತಿರುಗದಿದ್ದರೆ
* 18 ತಿಂಗಳಾದರೂ ಬೆರಳು ಮಾಡಿ ತೋರಿಸದಿದ್ದರೆ, ಒಂದೂ ಮಾತು ಆಡದಿದ್ದರೆ
* 2 ವರ್ಷವಾದರೂ 'ಅಮ್ಮ ಬಾ', 'ನೀರು ಕೊಡು' ಎಂಬಂತೆ ಎರಡು ಪದ ಸೇರಿಸದಿದ್ದರೆ
* ಆಡುತ್ತಿದ್ದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋದರೆ

'ಅವರಪ್ಪನೂ ತಡವಾಗಿಯೇ ಮಾತಾಡಿದ್ದು' ಎಂದು ಹಿರಿಯರು ಸಮಾಧಾನ ಹೇಳುವುದುಂಟು. ನಾಲಿಗೆಗೆ ಬಜೆ ತಿಕ್ಕಿ, ತಾಯತ ಕಟ್ಟಿಸಿ ಕಾಯುವವರೂ ಇದ್ದಾರೆ. ಹೀಗೆ ಕಾಯುವುದರಲ್ಲೇ ಬೆಲೆಬಾಳುವ ವರ್ಷಗಳು ಕಳೆದುಹೋಗುತ್ತವೆ. ಮೊದಲು ಕಿವಿ ಪರೀಕ್ಷೆ ಮಾಡಿಸಿ; ಕೇಳಿಸದ ಮಗುವೂ ಮಾತಾಡುವುದಿಲ್ಲ.

ಇದು ತಾಯಿಯ ತಪ್ಪಲ್ಲ, ಲಸಿಕೆಯಿಂದ ಬಂದದ್ದೂ ಅಲ್ಲ. ಲಸಿಕೆಯ ಮೇಲೆ ಸಂಶಯ ಹುಟ್ಟಿಸಿದ 1998ರ ಲೇಖನವನ್ನು 'ಲ್ಯಾನ್ಸೆಟ್' ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಆದ್ದರಿಂದ ಯಾವ ಚುಚ್ಚುಮದ್ದನ್ನೂ ತಪ್ಪಿಸಬೇಡಿ.

ತುಂಟತನವೋ, ತೊಂದರೆಯೋ?

ಎ.ಡಿ.ಎಚ್.ಡಿ. ಎಂಬ ಗಮನ ಕೊರತೆಯ ತೊಂದರೆ ಬೇರೆ. ಈ ಮಗು ಮಾತಾಡುತ್ತದೆ, ಬೆರೆಯುತ್ತದೆ; ಆದರೆ ಕೂತಲ್ಲಿ ಕೂರದು, ಹಿಡಿದ ಕೆಲಸ ಮುಗಿಸದು, ತನ್ನ ಸರದಿಗೆ ಕಾಯದು. ಕೆಲವು ಮಕ್ಕಳು ಗಲಾಟೆ ಮಾಡದೆ ಕಿಟಕಿಯಾಚೆ ನೋಡುತ್ತ ಕೂರುತ್ತವೆ. ಇಂಥವರು, ಅದರಲ್ಲೂ ಹೆಣ್ಣುಮಕ್ಕಳು, ಯಾರ ಕಣ್ಣಿಗೂ ಬೀಳುವುದಿಲ್ಲ. ಮನೆ, ಶಾಲೆ ಎರಡೂ ಕಡೆ ಆರು ತಿಂಗಳಿಗೂ ಮೀರಿ ಇದೇ ಪಾಡಾಗಿ ಓದಿಗೂ ಒಡನಾಟಕ್ಕೂ ಅಡ್ಡಿಯಾದರೆ ತಪಾಸಣೆ ಬೇಕು. ಮನೆಯಲ್ಲಿ ಮಾತ್ರ ತುಂಟನಾಗಿದ್ದರೆ ಕಾರಣ ಬೇರೆಯಿರಬಹುದು. ಕೆಲವು ಮಕ್ಕಳಲ್ಲಿ ಎರಡೂ ತೊಂದರೆಗಳು ಒಟ್ಟಿಗೇ ಇರುತ್ತವೆ.

ಏನು ಮಾಡಬೇಕು?

ಆಟಿಸಂ ವಾಸಿಮಾಡುವ ಔಷಧಿ ಇಲ್ಲ. ಇದೆ ಎಂದು ಹೇಳಿ ಹಣ ಕೇಳುವವರನ್ನು ನಂಬಬೇಡಿ. ಮಾತಿನ ತರಬೇತಿ, ನಡವಳಿಕೆಯ ತರಬೇತಿ ಮತ್ತು ಮನೆಯವರ ದಿನನಿತ್ಯದ ಅಭ್ಯಾಸದಿಂದ ಮಗು ಕಲಿಯುತ್ತದೆ. ಎ.ಡಿ.ಎಚ್.ಡಿ.ಗೆ ಆರು ವರ್ಷದೊಳಗೆ ತಂದೆತಾಯಿಗೆ ಕೊಡುವ ತರಬೇತಿಯೇ ಮೊದಲ ಚಿಕಿತ್ಸೆ. ಅನಂತರ ಅಗತ್ಯವಿದ್ದರೆ ತಜ್ಞರು ಮಾತ್ರೆ ಕೊಡುತ್ತಾರೆ. ಅದನ್ನು ನೀವಾಗಿ ಶುರುಮಾಡಬೇಡಿ, ನಿಲ್ಲಿಸಲೂ ಬೇಡಿ. ಹೊಡೆತ, ಬೈಗುಳ ಎರಡಕ್ಕೂ ಮದ್ದಲ್ಲ.

ಮನೆಯಲ್ಲಿ ಮಗುವಿನ ಎದುರು ಕೂತು, ಕಣ್ಣಿನ ಮಟ್ಟಕ್ಕೆ ಬಾಗಿ, ಚಿಕ್ಕ ಮಾತುಗಳಲ್ಲಿ ಆಟವಾಡಿಸಿ. ಒಂದು ಸಲಕ್ಕೆ ಒಂದೇ ಕೆಲಸ ಹೇಳಿ, ಮಾಡಿದೊಡನೆ ಮೆಚ್ಚಿಕೊಳ್ಳಿ. ಊಟ, ಆಟ, ನಿದ್ದೆಗೆ ಹೊತ್ತು ಗೊತ್ತುಮಾಡಿ. ರೇಷ್ಮೆ ಹುಳು ಹಣ್ಣಾಗುವ ದಿನಗಳಲ್ಲಿ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ, ನಿಜ. ಆದರೂ ಮಗುವನ್ನು ಮೊಬೈಲಿನ ಮುಂದೆ ಕೂರಿಸಬೇಡಿ. ಆಟಿಸಂಗೆ ಮೊಬೈಲ್ ಕಾರಣವಲ್ಲ. ಆದರೆ ಮಾತು ಕಲಿಯುವ ಹೊತ್ತನ್ನು ಅದು ನುಂಗುತ್ತದೆ.

ಎಲ್ಲಿಗೆ ಹೋಗಬೇಕು?

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ವೈದ್ಯರ ತಂಡ ಅಂಗನವಾಡಿಗೂ ಸರ್ಕಾರಿ ಶಾಲೆಗೂ ಬರುತ್ತದೆ. ಆ ದಿನ ಸಂಶಯ ತಪ್ಪದೆ ತಿಳಿಸಿ. ಹೆಚ್ಚಿನ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಇದೆ, ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ರಾಮನಗರ, ಚನ್ನಪಟ್ಟಣದವರಿಗೆ ಎರಡೂ ಊರಿಗೆ ರೈಲಿದೆ. ಕನಕಪುರ, ಮಾಗಡಿಯವರಿಗೆ ಬೆಂಗಳೂರಿನ ಬಸ್ಸೇ ಅನುಕೂಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಪ್ರಮಾಣಪತ್ರ ಮಾಡಿಸಿಕೊಳ್ಳಲು ಸಂಕೋಚ ಬೇಡ.

ತೋರಿಸಿದ ಮೇಲೆ 'ಏನೂ ಇಲ್ಲ' ಎಂದರೆ ನಿಮಗೆ ನಷ್ಟ ಒಂದು ದಿನದ ಕೂಲಿ ಮಾತ್ರ. ತೋರಿಸದೇ ಕಾದರೆ ಮಗುವಿಗಾಗುವ ನಷ್ಟ ಅದಕ್ಕಿಂತ ಬಹಳ ದೊಡ್ಡದು.