ಒಣಗಿದ ಗುಡ್ಡೆಯ ಹೂಗಳು

ಏಪ್ರಿಲಿನ ಬಿಸು ಹಬ್ಬದ ಹೊತ್ತಿಗೆ ನಮ್ಮ ಗುಡ್ಡೆ ಹತ್ತಿ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ಇಷ್ಟು ಮರಕ್ಕೆ ನೀರೆಲ್ಲಿಂದ ಬಿಡ್ತೀರಿ ಮಾರಾಯ್ರೇ?" ಕೇಳುವುದರಲ್ಲಿ ತಪ್ಪಿಲ್ಲ. ಕಾಸರಗೋಡಿನ ನಮ್ಮ ಬಾಯಾರೆಂದರೆ ಸುರಂಗಗಳ ಊರು. ಮುರಕಲ್ಲಿನ ಗುಡ್ಡೆಗೆ ಒಬ್ಬ ಆಳು ನುಗ್ಗುವಷ್ಟೇ ಅಗಲಕ್ಕೆ ಕೊರೆದು, ಒಳಗೆ ಒಸರುವ ನೀರನ್ನು ಹೊರಗೆ ಹರಿಸಿಕೊಂಡು ಅಡಿಕೆ ತೋಟ ಮಾಡಿದವರು ನಮ್ಮ ಹಿರಿಯರು. ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ ಸುರಿದರೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ ಬಿದ್ದು ತೋಡು ಸೇರಿಬಿಡುತ್ತದೆ. ಏಪ್ರಿಲಿನಲ್ಲಿ ಸುರಂಗದ ಬಾಯಿಂದ ಹೆಬ್ಬೆರಳು ದಪ್ಪದ ನೀರು ಬಂದರೆ ಪುಣ್ಯ. ಅದು ಅಡಿಕೆಗೇ ಸಾಲದು.

ಗುಡ್ಡೆಯ ಮರಗಳಿಗೆ ನಾನು ನೀರು ಬಿಡುವುದಿಲ್ಲ. ಬಿಡದೆ ಇರುವುದಕ್ಕೇ ಅವು ಹೂ ಬಿಡುತ್ತವೆ. ಹೀಗೆ ಹೇಳಿದರೆ ಬಂದವರು ತಮಾಷೆ ಅಂದುಕೊಳ್ಳುತ್ತಾರೆ. ತೋಟದ ಮೇಲಿನ ಐದೆಕರೆ ಅಪ್ಪನ ಕಾಲದಲ್ಲಿ ಸೊಪ್ಪಿನ ಗುಡ್ಡೆಯಾಗಿತ್ತು. ವರ್ಷವರ್ಷ ಕಡಿದು ಅಡಿಕೆ ಬುಡಕ್ಕೆ ಹಾಕುವ ಸೊಪ್ಪು, ಅಷ್ಟೇ. ಅದನ್ನು ಹೂವಿನ ಕಾಡು ಮಾಡುತ್ತೇನೆಂದು ಹೊರಟು ಇಪ್ಪತ್ತೈದು ವರ್ಷ ದಾಟಿತು. ಮಾಡಿದ್ದಕ್ಕಿಂತ ಕೆಡಿಸಿದ್ದರಿಂದಲೇ ಹೆಚ್ಚು ಕಲಿತೆ. ಹಾಗೆ ಕಲಿತ ಹತ್ತು ಪಾಠಗಳು ಇವು.

1. ನೀರು ನಿಲ್ಲಿಸುವುದೂ ಬೇಸಾಯವೇ

ಒಂದೇ ವರ್ಷ ಎರಡು ಕಕ್ಕೆ ಗಿಡ ನೆಟ್ಟೆ. ಒಂದು ತೋಟದ ಅಂಚಿನಲ್ಲಿ, ತುಂತುರು ನೀರಾವರಿಯ ಹನಿ ತಾಗುವಲ್ಲಿ. ಇನ್ನೊಂದು ಮೇಲೆ, ಪಾದೆಯ ಬಿರುಕಿನಲ್ಲಿ. ತೋಟದ ಕಕ್ಕೆ ದಷ್ಟಪುಷ್ಟವಾಗಿ ಬೆಳೆಯಿತು, ಬೇಸಿಗೆಯಲ್ಲೂ ಮೈತುಂಬ ಎಲೆ. ಹೂವೆಂದರೆ ನಾಲ್ಕೋ ಐದೋ ಗೊಂಚಲು. ಪಾದೆಯದು ಇಂದಿಗೂ ಅದರ ಅರ್ಧದಷ್ಟೇ ಎತ್ತರ. ಮಾರ್ಚಿನಲ್ಲಿ ಎಲೆಯೆಲ್ಲ ಕಳಚಿ ಸತ್ತಂತೆ ನಿಲ್ಲುತ್ತದೆ. ಏಪ್ರಿಲಿನಲ್ಲಿ ಅದರ ಕಡೆ ನೋಡಿದರೆ ಬಿಸಿಲೇ ಗೊಂಚಲಾಗಿ ಜೋತಂತೆ.

ಚಳಿದೇಶಗಳಲ್ಲಿ ವಸಂತ ಬರುವುದು ಹಿಮ ಕರಗಿದ ಮೇಲೆ. ನಮ್ಮಲ್ಲಿ ಮಣ್ಣು ಬಿರಿದ ಮೇಲೆ. ಬೂರುಗ, ಮುತ್ತುಗ, ಹಾಲುವಾಣ, ಕಕ್ಕೆ ಎಲ್ಲವೂ ಬರವನ್ನೇ ಗಡಿಯಾರ ಮಾಡಿಕೊಂಡ ಮರಗಳು. ಎಲೆ ಉದುರಿಸಿ ನೀರು ಉಳಿಸುತ್ತವೆ, ಬೋಳು ಕೊಂಬೆಯಲ್ಲಿ ಹೂ ತೋರಿಸಿ ಹಕ್ಕಿ, ಜೇನು ಕರೆಯುತ್ತವೆ. ನಾವು ಕರುಣೆಯಿಂದ ನೀರು ಹಾಕಿದರೆ ಆ ಗಡಿಯಾರ ತಪ್ಪುತ್ತದೆ. ಎಳೆಗಿಡಕ್ಕೆ ಮೊದಲ ಎರಡು ಬೇಸಿಗೆ ವಾರಕ್ಕೊಂದು ಕೊಡ ಕೊಡಿ. ಮೂರನೆಯದರಿಂದ ಕೊಡ ಕೆಳಗಿಡಿ.

2. ಹಾರೆಗಿಂತ ಮೊದಲು ಕಣ್ಣು

ಪುಸ್ತಕ ನೋಡಿ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಗುಂಡಿ ತೋಡಿಸಿದೆ. ಮುರಕಲ್ಲಿಗೆ ಪಿಕ್ಕಾಸು ಬಿದ್ದರೆ ಕಿಡಿ ಹಾರುತ್ತಿತ್ತು. ಒಳ್ಳೆಯ ಮಣ್ಣು, ಹಟ್ಟಿಗೊಬ್ಬರ ತುಂಬಿ ನಾಗಸಂಪಿಗೆ ನೆಟ್ಟೆ. ಆಟಿ ತಿಂಗಳ ಮಳೆಗೆ ಗುಂಡಿಯೆಲ್ಲ ಬಾನಿಯಾಯಿತು. ಕಲ್ಲಿನ ಗೋಡೆಯಿಂದ ನೀರು ಹೊರಗೆ ಹೋಗಲಿಲ್ಲ, ಬೇರು ಕೊಳೆಯಿತು. ಇಪ್ಪತ್ತರಲ್ಲಿ ಹದಿನೇಳು ಸತ್ತವು. ಬಾಯಾರಿಕೆಯಿಂದ ಸತ್ತವೆಂದು ನಾನು ಮುಂದಿನ ವರ್ಷ ಇನ್ನೂ ಆಳಕ್ಕೆ ತೋಡಿಸಿದೆ!

ಈಗ ಗುಡ್ಡೆಯನ್ನೇ ಕೇಳುತ್ತೇನೆ. ಕೇಪಳದ ಪೊದೆ ದಟ್ಟವಾಗಿ ಎದ್ದಲ್ಲಿ ಕಲ್ಲು ಬಿರಿದಿದೆ, ಒಳಗೆ ಮಣ್ಣಿದೆ. ಬರೀ ಮುಳಿಹುಲ್ಲು ಬೆಳೆದಲ್ಲಿ ನಾಲ್ಕು ಬೆರಳಿನ ಕೆಳಗೆ ಪಾದೆ. ಬಿರುಕು ಕಂಡಲ್ಲಿ ಚಿಕ್ಕ ಗುಂಡಿ ಸಾಕು. ಇಳಿಜಾರಿನ ಕಡೆಯ ಅಂಚನ್ನು ಒಡೆದು ನೀರಿಗೆ ದಾರಿ ಬಿಡಿ. ಗಿಡದ ಮೇಲ್ಬದಿಗೆ ಒಂದಡಿಯ ಇಂಗುಗುಂಡಿ ಮಾಡಿದರೆ, ನಿಂತ ನೀರು ಬೇರಿಗೆ ತಾಗದೆ ತಂಪಷ್ಟೇ ತಾಗುತ್ತದೆ.

3. ಪ್ರತಿ ಬೀಜಕ್ಕೂ ಅದರದೇ ಗಡುವು

ಕಕ್ಕೆಯ ಕಾಯಿ ಕೋಲಿನಂತೆ ವರ್ಷಪೂರ್ತಿ ನೇತಾಡುತ್ತದೆ. ಒಳಗಿನ ಬೀಜ ಕಲ್ಲಿನಷ್ಟು ಗಟ್ಟಿ. ಹಾಗೇ ಬಿತ್ತಿದರೆ ಬಹುಪಾಲು ಹುಟ್ಟದು. ಒರಟು ಕಲ್ಲಿಗೆ ತಿಕ್ಕಿ ಸಿಪ್ಪೆ ತೆಳುವಾಗಿಸಿ, ರಾತ್ರಿ ನೆನೆಹಾಕಿ ಬಿತ್ತಿ.

ಅಶೋಕದ್ದು ತದ್ವಿರುದ್ಧ. ಮಳೆಗಾಲದಲ್ಲಿ ಕೋಡು ಬಿರಿದು ಬಿದ್ದ ಬೀಜವನ್ನು ಆರಿಸಿ, "ಜೋಪಾನವಾಗಿರಲಿ" ಎಂದು ಅಟ್ಟದಲ್ಲಿ ಒಣಗಿಸಿಟ್ಟೆ. ಒಂದೂ ಮೊಳೆಯಲಿಲ್ಲ. ಒಣಗಿತೆಂದರೆ ಅದರ ಜೀವ ಹೋಯಿತು. ಬಿದ್ದ ವಾರದೊಳಗೆ ತೇವದ ಮಣ್ಣಿಗೆ ಸೇರಬೇಕು. ನಾಗಸಂಪಿಗೆ, ಸುರಗಿ ಕೂಡ ಕಾಯುವ ಜಾತಿಯವಲ್ಲ.

4. ಹೆಸರು ನಂಬಬೇಡಿ, ಎಲೆ ನೋಡಿ

ಅಶೋಕವೆಂದು ಒಂದು ನರ್ಸರಿಯಿಂದ ತಂದ ಹನ್ನೆರಡು ಗಿಡ ಕಂಬದಂತೆ ನೆಟ್ಟಗೆ ಬೆಳೆದವು. ಶಾಲೆ, ಆಸ್ಪತ್ರೆಗಳ ಕಂಪೌಂಡಿನಲ್ಲಿ ಸಾಲು ನಿಲ್ಲಿಸುವ ಕಂಬದ ಅಶೋಕ ಅದು. ಸೀತೆಯ ಕಥೆಗೂ ಅದಕ್ಕೂ ಸಂಬಂಧವಿಲ್ಲ. ನಿಜವಾದ ಅಶೋಕದ ಚಿಗುರು ತಾಮ್ರದ ಬಣ್ಣದ್ದು, ಒದ್ದೆ ಬಟ್ಟೆ ನೇತುಹಾಕಿದಂತೆ ಜೋತಿರುತ್ತದೆ. ಹೂವು ಹಳೆಯ ಕೊಂಬೆಗೇ ಅಂಟಿಕೊಂಡು ಗೊಂಚಲಾಗಿ ಬರುತ್ತದೆ. ಮೊದಲು ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಕೆಂಪು. ನಾವು ಎಸಳೆಂದುಕೊಳ್ಳುವುದು ಬಣ್ಣ ಬಂದ ಪುಷ್ಪಪಾತ್ರೆ, ಎಸಳು ಅದಕ್ಕಿಲ್ಲ.

ಗುಡ್ಡೆಯ ಎಲ್ಲ ಮರಗಳಲ್ಲಿ ನೆರಳು, ತಂಪು ಬೇಡುವುದು ಇದೊಂದೇ. ಬಿಸಿಲಿಗೆ ನೆಟ್ಟವು ಸುಟ್ಟು ಹೋದವು. ಸುರಂಗದ ಬಾಯಿಯ ಹತ್ತಿರ, ದೊಡ್ಡ ದೂಪದ ಮರದಡಿ ನೆಟ್ಟವು ಆರನೆಯ ವರ್ಷ ಹೂ ಬಿಟ್ಟವು. ಮೊದಲ ಪಾಠಕ್ಕೆ ಇದು ಅಪವಾದ. ಎಲ್ಲರಿಗೂ ಒಂದೇ ನಿಯಮವೆಂದು ಹೊರಟವ ಅಶೋಕ ಕಳೆದುಕೊಳ್ಳುತ್ತಾನೆ.

5. ಬೆಂಗಳೂರಿನ ಹೂವು ಬೆಂಗಳೂರಿಗೆ

1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತ ಜರ್ಮನಿಯ ಕೃಂಬಿಗಲ್, ಒಂದರ ಹೂ ಮುಗಿಯುವಾಗ ಇನ್ನೊಂದು ಅರಳುವಂತೆ ಬೆಂಗಳೂರಿನ ಬೀದಿಗಳಿಗೆ ಮರ ಆರಿಸಿದವರು. ಆ ಊರಿನ ನೀಲಿ ಜಕರಂಡ ನೋಡಿ ಮರುಳಾಗಿ ನಾನೂ ತಂದೆ. ಬೆಂಗಳೂರಿರುವುದು ಸುಮಾರು 900 ಮೀಟರ್ ಎತ್ತರದಲ್ಲಿ. ನಮ್ಮ ಪೊಸಡಿ ಗುಂಪೆ ಬೆಟ್ಟದ ನೆತ್ತಿಯೂ ಅದಕ್ಕಿಂತ ಎಷ್ಟೋ ತಗ್ಗು. ಈ ಸೆಕೆಯಲ್ಲಿ ಜಕರಂಡ ಹನ್ನೆರಡು ವರ್ಷ ಎಲೆ ತೋರಿಸಿತು, ಹೂ ತೋರಿಸಲಿಲ್ಲ. ಮಡಗಾಸ್ಕರ್ ಮೂಲದ ಗುಲ್‌ಮೊಹರ್ ಹೂವೇನೋ ಕೊಟ್ಟಿತು, ಆದರೆ ಪಾದೆಯ ಮೇಲೆ ಅದರ ಬೇರು ಚಾಪೆಯಂತೆ ಹರಡುತ್ತದೆಯೇ ಹೊರತು ಇಳಿಯುವುದಿಲ್ಲ. ಒಂದು ಜೂನಿನ ಗಾಳಿಗೆ ಬುಡಸಮೇತ ಮಗುಚಿ ಪಂಪ್‌ಶೆಡ್ಡಿನ ಮೇಲೆ ಬಿತ್ತು. ಬೇಗ ಹಸಿರಾಗಲೆಂದು ಹಾಕಿದ ಅಕೇಶಿಯದ ಸಸಿಗಳನ್ನು ಇವತ್ತಿಗೂ ಕೀಳುತ್ತಿದ್ದೇನೆ. ಅದರ ತರಗೆಲೆ ಬೇಗ ಕೊಳೆಯದು, ಅಡಿಯಲ್ಲಿ ಬೇರೇನೂ ಏಳದು.

ಕೃಂಬಿಗಲ್ಲರಿಂದ ಕಲಿಯಬೇಕಾದ್ದು ಮರವನ್ನಲ್ಲ, ಸರದಿಯನ್ನು. ನಮ್ಮ ಗುಡ್ಡೆಯ ಸರದಿ ಹೀಗೆ: ಜನವರಿ ಕೊನೆಗೆ ಬೂರುಗ ಮತ್ತು ಗೇರು, ಫೆಬ್ರವರಿಯಲ್ಲಿ ಮುತ್ತುಗ, ಹಾಲುವಾಣ, ದೂಪ, ಮೊದಲ ಅಶೋಕ, ಮಾರ್ಚಿನಲ್ಲಿ ಸುರಗಿ, ನಾಗಸಂಪಿಗೆ, ಏಪ್ರಿಲಿನಲ್ಲಿ ಕಕ್ಕೆ, ಹೊಂಗೆ, ಕೇಪಳದ ಭರಾಟೆ, ಮೇ ತಿಂಗಳಲ್ಲಿ ತೋಡಿನ ಬದಿಯ ಹೊಳೆದಾಸವಾಳ. ಒಂದೂ ದುಡ್ಡು ಕೊಟ್ಟು ತರಬೇಕಾದ ಗಿಡವಲ್ಲ.

6. ಪೊದೆಯನ್ನು ಕಳೆ ಎನ್ನಬೇಡಿ

ಮೊದಲ ವರ್ಷ ಮರಗಳ ನಡುವಿನ ಪೊದೆಯನ್ನೆಲ್ಲ ಸವರಿಸಿದೆ. ಪಾರ್ಕಿನಂತೆ ಕಾಣಲಿ ಅಂತ. ಅದೇ ಮಳೆಗೆ ಕೆಂಪು ಮಣ್ಣು ಇಳಿದು ತೋಟದ ಕಣಿ ತುಂಬಿತು. ಕೇಪಳ, ಕುಂಟಾಲ, ಕಾರೆ, ನೆಕ್ಕರಿಕ ಇವುಗಳ ಬೇರೇ ಗುಡ್ಡೆಯ ಹೊಲಿಗೆ. ಬಿಸಿಲಿಗೆ ಎಳೆಯ ಮರಗಳಿಗೆ ಸೆರಗು ಹಿಡಿಯುವುದೂ ಅವೇ.

ಹೂವಿನ ಲೆಕ್ಕದಲ್ಲೂ ಪೊದೆ ಸಣ್ಣದಲ್ಲ. ಕೇಪಳ ಏಪ್ರಿಲಿನಲ್ಲಿ ಇಡೀ ಇಳಿಜಾರನ್ನು ಕೆಂಪು ಮಾಡುತ್ತದೆ. ಅದರ ಹೂ ದೇವರಿಗೂ ಆಯಿತು, ತಂಬುಳಿಗೂ ಆಯಿತು, ಹಣ್ಣು ಮಕ್ಕಳಿಗೂ ಹಕ್ಕಿಗಳಿಗೂ ಆಯಿತು. ನಡೆದಾಡಲು ಎರಡಡಿಯ ದಾರಿ ಸಾಕು, ಉಳಿದದ್ದು ಪೊದೆಗಿರಲಿ.

7. ಬೆಂಕಿಗೆ ಡಿಸೆಂಬರಿನಲ್ಲೇ ಉತ್ತರ ಕೊಡಿ

ಹೂವಿನ ಕಾಲವೇ ಬೆಂಕಿಯ ಕಾಲ. ಒಣಗಿದ ಮುಳಿಹುಲ್ಲಿಗೆ ಯಾರೋ ಎಸೆದ ಬೀಡಿ ತುಂಡು ಸಾಕಾಯಿತು. ಒಂದು ಮಾರ್ಚ್ ಮಧ್ಯಾಹ್ನ ಅರ್ಧ ಎಕರೆ ಹೋಯಿತು. ಮುತ್ತುಗ ಬುಡದಿಂದ ಮತ್ತೆ ಚಿಗುರಿತು, ಸುಟ್ಟ ತೊಗಟೆಯ ಕಕ್ಕೆಯೂ ಬದುಕಿತು. ಎಂಟು ವರ್ಷ ಕಾದಿದ್ದ ಮೂರು ನಾಗಸಂಪಿಗೆ ಉಳಿಯಲಿಲ್ಲ.

ಡಿಸೆಂಬರ್ ಮುಗಿಯುವುದರೊಳಗೆ ಗುಡ್ಡೆಯ ಸುತ್ತ ಹತ್ತಡಿ ಅಗಲಕ್ಕೆ ಹುಲ್ಲು ಹೆರೆಸಿಬಿಡಿ. ಆ ಹುಲ್ಲು, ತರಗೆಲೆ ಅಡಿಕೆ ಬುಡಕ್ಕೆ ಹೋಗಲಿ. ಫೆಬ್ರವರಿಗೆ ಮುಂದೂಡಿದರೆ ಹೆರೆಯುವ ಮೊದಲೇ ಬೆಂಕಿ ಹೆರೆಯುತ್ತದೆ.

8. ಹೂವಿರುವ ಮರಕ್ಕೆ ಮದ್ದು ಹೊಡೆಯಬೇಡಿ

ಕಕ್ಕೆಯ ಚಿಗುರನ್ನು ಹಸಿರು ಹುಳುಗಳು ಬೋಳು ಮಾಡುತ್ತಿದ್ದುದನ್ನು ಕಂಡು ಪಂಪ್ ಹೊತ್ತು ಹೊರಟಿದ್ದೆ. ಹದಿನೈದು ದಿನ ತಡೆದಿದ್ದರಿಂದ ಗೊತ್ತಾಯಿತು, ಅವು ತಿಳಿಹಳದಿ ಚಿಟ್ಟೆಗಳ ಮರಿಗಳು. ಮರ ಮತ್ತೆ ಚಿಗುರಿತು, ಗುಡ್ಡೆಯ ಮೇಲೆ ಚಿಟ್ಟೆಯ ಜಾತ್ರೆ ನಡೆಯಿತು. ಹಾಲುವಾಣಕ್ಕೆ ಬಂದ ಗಂಟುರೋಗ ಬೇರೆ ಕಥೆ. 2004ರಲ್ಲಷ್ಟೇ ವಿಜ್ಞಾನಿಗಳಿಂದ ಹೆಸರು ಪಡೆದ ಒಂದು ಕಣಜ, ಚಿಗುರಿನೊಳಗೇ ಮೊಟ್ಟೆಯಿಟ್ಟು ಎಲೆಯನ್ನು ಗಂಟುಗಂಟು ಮಾಡುತ್ತದೆ. ಕಾಳುಮೆಣಸಿನ ಬಳ್ಳಿ ಹಬ್ಬಿಸಿದ್ದ ಮರಗಳು ಎಷ್ಟೋ ಒಣಗಿದವು. ಹೊರಗಿನಿಂದ ಹೊಡೆದ ಮದ್ದು ಅದಕ್ಕೆ ತಾಗಲೇ ಇಲ್ಲ. ರೋಗದ ಗೆಲ್ಲು ಕಡಿದು ಸುಟ್ಟದ್ದಷ್ಟೇ ಉಪಕಾರಕ್ಕೆ ಬಂತು. ಉಳಿದ ನಾಲ್ಕು ಮರಗಳಲ್ಲಿ ಫೆಬ್ರವರಿಯ ಬೆಳಗ್ಗೆ ಸೂರಕ್ಕಿ, ಮೈನಾ, ಕಾಜಾಣ, ಪಿಕಳಾರಗಳ ಗಲಾಟೆ ಈಗಲೂ ಇದೆ.

ಕಾಸರಗೋಡಿನವರಿಗೆ ಈ ಪಾಠ ಹೇಳಬೇಕಾಗಿಯೇ ಇಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದು 2000ದ ತನಕ. ನೆರೆಯ ಎಣ್ಮಕಜೆ ಪಂಚಾಯತಿನ ಜನ ಅದರ ಬೆಲೆಯನ್ನು ಇನ್ನೂ ತೆರುತ್ತಿದ್ದಾರೆ.

9. ಸುರಗಿ ನೆಡುವವ ವಯಸ್ಸು ಲೆಕ್ಕ ಹಾಕಬಾರದು

ಸುರಗಿ ನಿಧಾನದ ಮರ. ನನ್ನದು ಹದಿನಾಲ್ಕನೆಯ ವರ್ಷ ಮೊಗ್ಗು ಕಟ್ಟಿತು. ಎಲೆಗಳ ಹಿಂದೆ, ಬೋಳು ಗೆಲ್ಲಿಗೆ ಮುತ್ತು ಪೋಣಿಸಿದಂತೆ. ನಸುಕಿನಲ್ಲಿ ಅಡಿಗೆ ಬಟ್ಟೆ ಹಾಸಿ ಗೆಲ್ಲು ಅಲುಗಿಸಬೇಕು, ಜೇನು ಎದ್ದ ಮೇಲೆ ಮರದ ಕೆಳಗೆ ನಿಲ್ಲುವುದು ಕಷ್ಟ. ಒಣಗಿದರೂ ಪರಿಮಳ ಕಳೆದುಕೊಳ್ಳದ ಹೂವಿದು. ಅನಂತಮೂರ್ತಿಯವರು ತಮ್ಮ ಆತ್ಮಕಥೆಗೆ ಇದರ ಹೆಸರನ್ನೇ ಇಟ್ಟರು. ಒಂದು ಎಚ್ಚರ: ಗಂಡು ಹೂ ಮಾತ್ರ ಬಿಡುವ ಮರಗಳಿವೆ, ಅವುಗಳಲ್ಲಿ ಕಾಯಿ ಇರುವುದಿಲ್ಲ. ಬೀಜ ಬೇಕಿದ್ದರೆ ಒಂದರ ಬದಲು ನಾಲ್ಕೈದು ನೆಡಿ.

10. ಕೆಡ್ಡಸದಿಂದ ಬಿಸುವಿನವರೆಗೆ ಕತ್ತಿ ಮಾಡಿನಲ್ಲಿ

ಮಕರ ಮಾಸದ ಕೊನೆಗೆ ತುಳುನಾಡಿನಲ್ಲಿ ಮೂರು ದಿನ ಕೆಡ್ಡಸ. ಭೂಮಿ ಮುಟ್ಟಾಗುವ ದಿನಗಳವು. ಅಗೆಯುವಂತಿಲ್ಲ, ಹಸಿ ಗೆಲ್ಲು ಕಡಿಯುವಂತಿಲ್ಲ. ಹೊಸ ಹುರುಪಿನಲ್ಲಿದ್ದಾಗ ಒಮ್ಮೆ ಅದೇ ದಿನ ಗುಂಡಿ ತೋಡಲು ಹೊರಟೆ. ನಮ್ಮಲ್ಲಿಗೆ ಕೆಲಸಕ್ಕೆ ಬರುತ್ತಿದ್ದ ಹಿರಿಯರು ಪಿಕ್ಕಾಸು ಮುಟ್ಟಲೇ ಇಲ್ಲ. "ಅಣ್ಣೇರೇ, ಈಗ ಅವಳ ಮೈಗೆ ಕೈ ಹಾಕಬಾರದು" ಎಂದು ಅಂಗಳದ ಬದಿಯಲ್ಲಿ ಕುಳಿತರು. ನನಗೆ ಮೂರು ದಿನದ ಕೂಲಿಯ ಚಿಂತೆ.

ಆಮೇಲೆ ಯೋಚಿಸಿದೆ: ಫೆಬ್ರವರಿಯ ಆ ಹೊತ್ತಿಗೆ ಮುತ್ತುಗದ ಮೊಗ್ಗು ಒಡೆಯುತ್ತಿರುತ್ತದೆ, ಅಶೋಕ ಕೊಂಬೆಯಲ್ಲಿ ಉಬ್ಬುತ್ತಿರುತ್ತದೆ, ಪೊದೆಯೊಳಗೆ ಪಿಕಳಾರ ಗೂಡಿಗೆ ಜಾಗ ನೋಡುತ್ತಿರುತ್ತದೆ. ಆಗ ಕಡಿದ ಪ್ರತಿ ಗೆಲ್ಲೂ ಹೂವಿನದ್ದೇ. ಮೂರು ದಿನದ ಕಟ್ಟನ್ನು ನಾನು ಎರಡು ತಿಂಗಳಿಗೆ ಎಳೆದಿದ್ದೇನೆ. ನೆಡುವುದು ಜೂನಿಗೆ, ಸವರುವುದು ಅಕ್ಟೋಬರಿಗೆ, ಹೆರೆಯುವುದು ಡಿಸೆಂಬರಿಗೆ. ಕೆಡ್ಡಸ ಬಂತೆಂದರೆ ಕತ್ತಿಯನ್ನು ಹಟ್ಟಿಯ ಮಾಡಿಗೆ ಸಿಕ್ಕಿಸುತ್ತೇನೆ. ಬಿಸುವಿನಂದು ದೇವರ ಮುಂದಿಡುವ ಕಣಿಗೆ ಬೇಕಾದ ಕಕ್ಕೆಯ ಗೊಂಚಲನ್ನೂ ಪಾದೆಯ ಆ ಗಿಡ್ಡ ಮರದಿಂದ ಕೈಯಲ್ಲೇ ಚಿವುಟಿ ತರುತ್ತೇನೆ. ಹಬ್ಬ ಕಳೆದ ಮರುದಿನ ಕತ್ತಿ ಇಳಿಸಿದರೆ ಅಲಗಿಗೆ ತುಕ್ಕು ಹಿಡಿದಿರುತ್ತದೆ. ಆ ವರ್ಷ ಹೂ ಚೆನ್ನಾಗಿತ್ತೆಂದು ಅರ್ಥ.